ಬಾಗಿಲಲ್ಲಿಟ್ಟ ಪುಸ್ತಕ

ಕೋವಿಡ್ ಹಬ್ಬಿದ್ದ ದಿನಗಳಲ್ಲಿ ಅನೇಕ ದೇಶಗಳ ಹೋಟೆಲು, ಅಂಗಡಿ, ಕಚೇರಿಗಳ ಬಾಗಿಲಲ್ಲಿ ಒಂದು ಪುಸ್ತಕ ಕಾಣಿಸಿಕೊಂಡಿತು. ಒಳಗೆ ಹೋಗುವವರು ಹೆಸರು, ಫೋನ್ ನಂಬರು, ಬಂದ ವೇಳೆ ಬರೆಯಬೇಕು. ಒಂದು ಲೋಟ ಕಾಫಿಗೂ ರುಜು ಹಾಕಬೇಕೇ ಎಂದು ಗೊಣಗಿದವರುಂಟು. ಆದರೆ ಅದರ ಉದ್ದೇಶ ಸರಳವಾದುದು. ರೋಗಿಯು ತನ್ನ ನೆಂಟರಿಷ್ಟರ ಹೆಸರು ಹೇಳಬಲ್ಲ; ಪಕ್ಕದ ಮೇಜಿನಲ್ಲಿ ಕುಳಿತಿದ್ದ ಅಪರಿಚಿತನ ಹೆಸರನ್ನು ಹೇಗೆ ಹೇಳಿಯಾನು? ಕೋವಿಡ್ ಆದರೋ ರೋಗಲಕ್ಷಣ ತೋರುವ ಮೊದಲೇ ಹರಡಬಲ್ಲುದು. ಆ ಅಪರಿಚಿತನಿಗೆ ಬೇಗನೆ ಸುದ್ದಿ ಮುಟ್ಟಿಸಲು ಪುಸ್ತಕವೇ ದಾರಿ.

ಆದರೆ ಪುಸ್ತಕವಿದ್ದರೆ ಸಾಲದು, ಅದರಲ್ಲಿ ಬರೆದದ್ದು ನಿಜವಾಗಿರಬೇಕು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಇಟೆವಾನ್ ಎಂಬ ಬಡಾವಣೆಯಿದೆ. 2020ರ ಮೇ ತಿಂಗಳಲ್ಲಿ ಅಲ್ಲಿನ ರಾತ್ರಿ ಕ್ಲಬ್ಬುಗಳಿಂದ ಸೋಂಕು ಹರಡಿತು. ಪುಸ್ತಕಗಳನ್ನು ತೆರೆದು ನೋಡಿದರೆ 5,500ಕ್ಕೂ ಹೆಚ್ಚು ಹೆಸರುಗಳು. ಅವರಲ್ಲಿ ಸುಮಾರು 2,000 ಮಂದಿ ಸಂಪರ್ಕಕ್ಕೆ ಸಿಗಲಿಲ್ಲ. ಹಲವರು ಸುಳ್ಳು ವಿವರ ಬರೆದಿದ್ದರೆಂದು ಅಧಿಕಾರಿಗಳು ಶಂಕಿಸಿದರು. ಕಾರಣವೂ ಇತ್ತು. ಆ ಕ್ಲಬ್ಬುಗಳಲ್ಲಿ ಕೆಲವು ಸಲಿಂಗಿಗಳು ಸೇರುವ ಸ್ಥಳಗಳು. ಹೆಸರು ಬಯಲಾದರೆ ಮನೆಯಲ್ಲಿ ತಿರಸ್ಕಾರ, ಕೆಲಸಕ್ಕೆ ಸಂಚಕಾರ ಎಂಬ ಭಯ ಅವರಿಗೆ.

ಸೋಲ್ ನಗರಾಡಳಿತವು ಆಗ ಹೆಸರು ಕೇಳದೆ, ಫೋನ್ ನಂಬರು ಮಾತ್ರ ಪಡೆದು ಪರೀಕ್ಷೆ ಮಾಡತೊಡಗಿತು. ಮುಂದೆ ಬಂದವರ ಸಂಖ್ಯೆ ಏರಿತು. ಜೂನ್‌ನಲ್ಲಿ ಫೋನಿನ ಕ್ಯೂಆರ್ ಸಂಕೇತದಿಂದ ಹಾಜರಿ ಹಾಕುವ ಕ್ರಮ ಬಂತು. ವ್ಯಕ್ತಿಯ ವಿವರ ಒಂದೆಡೆ, ಭೇಟಿಯ ವಿವರ ಮತ್ತೊಂದೆಡೆ. ಸೋಂಕು ಕಂಡಾಗ ಮಾತ್ರ ಎರಡನ್ನೂ ಕೂಡಿಸುವುದು. ನಾಲ್ಕು ವಾರಗಳಾದ ಮೇಲೆ ಅಳಿಸಿಹಾಕುವುದು. ಕೈಬರಹದ ಪುಸ್ತಕದಲ್ಲೂ ಹೆಸರು ಬರೆಯಬೇಕಿಲ್ಲವೆಂದು ಮುಂದೆ ಸಡಿಲಿಸಿದರು. 2022ರ ಫೆಬ್ರವರಿಯಲ್ಲಿ ಆ ಹಾಜರಿಯನ್ನೇ ನಿಲ್ಲಿಸಿದರು.

ಕೊಟ್ಟ ಮಾತು ತಪ್ಪಿದರೆ ಏನಾದೀತು ಎಂಬುದಕ್ಕೆ ಪಶ್ಚಿಮ ಆಸ್ಟ್ರೇಲಿಯಾ ನಿದರ್ಶನ. ಅಲ್ಲಿ ಭೇಟಿಯ ದಾಖಲೆ ಸಂಪರ್ಕ ಪತ್ತೆಗೆ ಮಾತ್ರ ಎಂದು ಜನರಿಗೆ ತಿಳಿಸಲಾಗಿತ್ತು. ಆದರೂ ಕೊಲೆಯೊಂದರ ತನಿಖೆಗಾಗಿ ಪೊಲೀಸರು ಅದನ್ನು ಪಡೆದರು. ಕೊಲೆಗಾರನನ್ನು ಹಿಡಿಯುವುದು ಒಳ್ಳೆಯ ಕೆಲಸವೇ. ಆದರೆ ಜನರ ನಂಬಿಕೆಗೆ ಪೆಟ್ಟು ಬಿತ್ತು. 2021ರ ಜೂನ್‌ನಲ್ಲಿ ಕಾನೂನು ಮಾಡಿ ಇದನ್ನು ತಡೆಯಬೇಕಾಯಿತು.

ನಮಗೂ ಇದು ಹೊಸ ಪಾಠವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಕಾಲದಲ್ಲಿ, ಶಿಬಿರಕ್ಕೆ ಒಯ್ಯುತ್ತಾರೆಂಬ ಅಂಜಿಕೆಯಿಂದ ಜನ ರೋಗಿಗಳನ್ನು ಮನೆಯಲ್ಲೇ ಮರೆಮಾಡುತ್ತಿದ್ದರು. ಅಂಜಿದವನು ಅಡಗಿಸುತ್ತಾನೆ, ಅಡಗಿದ ರೋಗ ಬೆಳೆಯುತ್ತದೆ.

ಮುಂದೆಂದಾದರೂ ಇಂಥ ಪುಸ್ತಕ ನಮ್ಮ ಬಾಗಿಲಿಗೆ ಬಂದರೆ, ಅದನ್ನು ಇಡುವವರು ಅಗತ್ಯವಾದಷ್ಟನ್ನೇ ಕೇಳಲಿ. ಹಿಂದೆ ಬಂದವರ ನಂಬರು ಮುಂದಿನವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಲಿ. ಅವಧಿ ಮುಗಿದೊಡನೆ ನಾಶಪಡಿಸಲಿ. ಬರೆಯುವ ನಾವು ನಿಜವನ್ನೇ ಬರೆಯೋಣ. ನಮ್ಮ ಆ ಒಂದು ಸಾಲು, ನಾವು ಎಂದೂ ಕಾಣದ ಮನೆಯೊಂದರ ಮುದುಕರನ್ನು ಉಳಿಸೀತು.