ವೀರ ಜಾತಿ ಅನ್ನೋ ಸುಳ್ಳು

(ಕೆಂಗೇರಿ ಕಡೆಯ ಹಾಸ್ಟೆಲೊಂದರಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಬೆಳಗಿನ ಜಾವ ಐದಕ್ಕೆ ಈ ಹಾಸ್ಟೆಲಿನ ಹುಡುಗರು ಜ್ಞಾನಭಾರತಿ ರಸ್ತೆಯಲ್ಲಿ ಓಡುತ್ತಿರುತ್ತಾರೆ. ಸೈನ್ಯದ ಭರ್ತಿಗೆ 1600 ಮೀಟರ್ ಓಡಬೇಕು. ಓಡಿ ಬಂದವನೊಬ್ಬ ನಮ್ಮನ್ನು ಕೇಳಿದ: 'ಅಣ್ಣ, ನಮ್ಮೋರು ಯುದ್ಧ ಮಾಡಿದೋರಾ? ನಮ್ಮ ಕ್ಲಾಸಿನವನೊಬ್ಬ, ವೀರರ ಜಾತಿ ಅಂದ್ರೆ ತಮ್ಮದು ಮಾತ್ರ ಅಂತಾನೆ.' ಅವನಿಗೆ ಕೊಟ್ಟ ಉತ್ತರವನ್ನೇ ಇವತ್ತು ನಿಮ್ಮೆದುರು ಬಿಡಿಸಿ ಹೇಳುತ್ತೇವೆ.

ಇಲ್ಲಿಂದ ಮೈಸೂರು ರಸ್ತೆ ಹಿಡಿದು ಹೋದರೆ ಕೆ.ಆರ್. ಮಾರ್ಕೆಟ್ ಹತ್ತಿರ ಬೆಂಗಳೂರು ಕೋಟೆಯ ಉಳಿದ ಚೂರು ಸಿಗುತ್ತದೆ. 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗ ಅಂತ ಅಲ್ಲಿ ಕಲ್ಲು ಹಾಕಿದ್ದಾರೆ. ಕಂಪನಿಯ ಮದ್ರಾಸ್ ಸೈನ್ಯದಲ್ಲಿ ಪರಯರು ಇದ್ದರು. ಕಲ್ಲಿನಲ್ಲಿ ತಾರೀಖು ಇದೆ, ಅವರ ಹೆಸರಿಲ್ಲ.

ಕೋರೆಗಾಂವಿನಲ್ಲಿ ಹೆಸರಿವೆ. 1818ರ ಜನವರಿ 1ರಂದು ಪೇಶ್ವೆಯ ಸೈನ್ಯಕ್ಕೆ ಎದುರು ನಿಂತ ಕಂಪನಿ ತುಕಡಿಯಲ್ಲಿ ಮಹಾರರಿದ್ದರು. ಸತ್ತವರ ಹೆಸರು ಸ್ತಂಭದ ಮೇಲೆ ಕೆತ್ತಿದೆ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿ ಹೋಗಿ ನಿಂತರು. 'ಹೌದು, ಯುದ್ಧ ಮಾಡಿದೋರೇ' ಅಂತ ಆ ಹುಡುಗನಿಗೆ ಹೇಳಿದೆವು. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ.

ಯಾಕೆಂದರೆ ಮುಂದಿನ ಕತೆ ಬೇರೆ ಇದೆ. 1857ರ ನಂತರ ಇದೇ ಬ್ರಿಟಿಷರು ಯುದ್ಧಕ್ಕೆಂದೇ ಹುಟ್ಟಿದ ಜಾತಿಗಳು ಅಂತ ಒಂದು ಪಟ್ಟಿ ಮಾಡಿಕೊಂಡರು. 1885ರಿಂದ 1893ರವರೆಗೆ ಸೇನಾಧಿಪತಿಯಾಗಿದ್ದ ರಾಬರ್ಟ್ಸ್ ಈ ವಾದದ ದೊಡ್ಡ ವಕೀಲ. ಮಹಾರರ ಭರ್ತಿ ನಿಂತಿತು. ನಿವೃತ್ತ ಸೈನಿಕ ಗೋಪಾಲಬಾಬಾ ವಲಂಗಕರ್ 1894ರಲ್ಲಿ ಅರ್ಜಿ ಬರೆದರು, ಬಾಗಿಲು ತೆಗೆಯಲಿಲ್ಲ. 1917ರಲ್ಲಿ ಮಹಾಯುದ್ಧಕ್ಕೆ ಆಳು ಸಾಲದಾದಾಗ ಮಹಾರರ ಪಲ್ಟನ್ ಕಟ್ಟಿದರು. ಯುದ್ಧ ಮುಗಿಯಿತು, ಪಲ್ಟನ್ ಮುರಿದರು. ಮತ್ತೆ ಯುದ್ಧ ಬಂತು. 1941ರ ಅಕ್ಟೋಬರ್ 1ರಂದು ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟು ಹುಟ್ಟಿತು.

ಇಷ್ಟರಲ್ಲಿ ಇವರ ರಕ್ತ ಎಷ್ಟು ಸಲ ಬದಲಾಯಿತು? ಒಂದು ಸಲವೂ ಇಲ್ಲ. ಅವರಿಗೆ ಆಳು ಬೇಕಾಗಿತ್ತು, ಬೇಡವಾಯಿತು, ಮತ್ತೆ ಬೇಕಾಯಿತು. ಅಷ್ಟೆ.

ಇದು ನಮ್ಮ ನಾಡಿನ ಮೋಸ ಮಾತ್ರ ಅಲ್ಲ. ಜಪಾನಿನಲ್ಲಿ 1588ರಲ್ಲಿ ಹಿದೆಯೋಶಿ ಅನ್ನೋ ದೊರೆ ರೈತರ ಕತ್ತಿಗಳನ್ನೆಲ್ಲ ಕಿತ್ತುಕೊಂಡ. ಅವನೇ ಬಡ ಕಾಲಾಳಿನ ಮಗ! ಕತ್ತಿ ಸಮುರಾಯಿಗಳ ಸೊಂಟದಲ್ಲಿ ಮಾತ್ರ ಉಳಿಯಿತು, ಶೌರ್ಯವೂ ಅವರ ಮನೆತನದ ಆಸ್ತಿ ಅನ್ನಿಸಿಕೊಂಡಿತು. 1873ರಲ್ಲಿ ಸರ್ಕಾರ ಎಲ್ಲರ ಮಕ್ಕಳನ್ನೂ ಕರೆದು ಕವಾಯತು ಕಲಿಸಲು ಶುರುಮಾಡಿತು. 1877ರಲ್ಲಿ ದಂಗೆಯೆದ್ದ ಸಮುರಾಯಿಗಳನ್ನು ಆ ರೈತರ ಮಕ್ಕಳೇ ಸೋಲಿಸಿದರು. ಮುನ್ನೂರು ವರ್ಷದ ವೀರರಕ್ತ ನಾಲ್ಕು ವರ್ಷದ ತರಬೇತಿಯ ಮುಂದೆ ನಿಲ್ಲಲಿಲ್ಲ.

ನಮ್ಮಲ್ಲಿ? 1857ರಲ್ಲಿ ಆಯುಧ ಒಪ್ಪಿಸಿ ಅಂತ ಕಾನೂನು ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಇಟ್ಟರು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೆ ಹಾಕಿದರು. ಮೊದಲು ಕೈಯಿಂದ ಕತ್ತಿ ಕಿತ್ತುಕೊಳ್ಳುತ್ತಾರೆ. ಆಮೇಲೆ, ನಿನಗೆ ಕತ್ತಿ ಹಿಡಿಯೋಕೆ ಬರೋದಿಲ್ಲ ಅಂತಾರೆ.

ಒಂದು ತಪ್ಪು ಒಪ್ಪಿಕೊಳ್ಳುತ್ತೇವೆ. ನಾವೂ ಕೋರೆಗಾಂವಿನ ಮೇಲೆ ಪದ್ಯ ಬರೆದು, 'ನಮ್ಮದು ವೀರರಕ್ತ' ಅಂತ ಎದೆ ತಟ್ಟಿಕೊಂಡವರೇ. ಈಗ ಓದಿದರೆ ನಾಚಿಕೆ. ಆ ಕ್ಲಾಸಿನ ಹುಡುಗನ ಸುಳ್ಳನ್ನೇ ನಮ್ಮ ಹೆಸರು ಹಾಕಿ ತಿರುಗಿ ಹೇಳಿದ್ದೆವು. ರಕ್ತದ ಮಾತಿಗೆ ರಕ್ತದ ಮಾತು ಉತ್ತರವಲ್ಲ. ಇನ್ನೊಂದು ಸತ್ಯವನ್ನೂ ನುಂಗಬಾರದು. ಆ ಸೈನಿಕರು ಗೆದ್ದುಕೊಟ್ಟದ್ದು ಕಂಪನಿಗೆ. ಅದೇ ಕಂಪನಿಯ ವಾರಸುದಾರರು ಅವರ ಮೊಮ್ಮಕ್ಕಳನ್ನು ಹೊರಗೆ ಹಾಕಿದರು.

ಹಾಗಾದರೆ ನಮಗೆ ಉಳಿದದ್ದೇನು? ಅಕ್ಷರ. ಕಂಪನಿ ಸೈನ್ಯದಲ್ಲಿ ಸಿಪಾಯಿಗಳಿಗೂ ಅವರ ಮಕ್ಕಳಿಗೂ ಶಾಲೆ ಇತ್ತು. ಊರಿನ ಶಾಲೆ ಹೊರಗೆ ಕೂರಿಸಿದ ಕಾಲದಲ್ಲಿ ದಂಡಿನ ಶಾಲೆ ಒಳಗೆ ಕರೆಯಿತು. ಸುಬೇದಾರ್ ರಾಮಜಿ ಸಕ್ಪಾಲ್ ಅಂಥ ಶಾಲೆಯಲ್ಲೇ ಮೇಷ್ಟರಾಗಿದ್ದರು. ಅವರ ಮಗ 1891ರಲ್ಲಿ ಹುಟ್ಟಿದ್ದು ಮಹೂ ದಂಡಿನಲ್ಲಿ. ಆ ಮಗ ಬಂದೂಕು ಹಿಡಿಯಲಿಲ್ಲ. ಪುಸ್ತಕ ಹಿಡಿದ, ಸಂಘಟನೆ ಕಟ್ಟಿದ, ಮಹಾಡಿನಲ್ಲಿ ಕೆರೆಯ ನೀರು ಮುಟ್ಟಿದ. ಯಾವಾಗ ಮುಂದೆ ನುಗ್ಗಬೇಕು, ಯಾವಾಗ ತಡೆದುಕೊಳ್ಳಬೇಕು ಅನ್ನೋ ಯುದ್ಧದ ಬುದ್ಧಿ ಅದು.

ಅದಕ್ಕೇ ಓಡುವ ಹುಡುಗರಿಗೆ ಒಂದು ಮಾತು. ಓಡಿ. ಮನೆಗೆ ಸಂಬಳ ಬೇಕು, ನಮಗೂ ಗೊತ್ತು. ಆದರೆ 2022ರ ಅಗ್ನಿಪಥದ ಲೆಕ್ಕವನ್ನೂ ಬಿಡಿಸಿ ನೋಡಿ. ನಾಲ್ಕು ವರ್ಷ ಸೇವೆ, ಆಮೇಲೆ ನೂರಕ್ಕೆ ಇಪ್ಪತ್ತೈದು ಮಂದಿಯನ್ನಷ್ಟೇ ಉಳಿಸಿಕೊಳ್ಳೋದು ಅಂತ ಯೋಜನೆ ಬಂತು. ಬೇಕಾದಾಗ ಕರೆದು ಬೇಡವಾದಾಗ ಬಿಡುವ ಬಾಗಿಲನ್ನು ನಮ್ಮ ಅಜ್ಜಂದಿರು ನೋಡಿದ್ದಾರೆ. ಬೆಳಿಗ್ಗೆ ಓಡಿ, ರಾತ್ರಿ ಓದಿ. ಬಾಗಿಲು ಮುಚ್ಚಿದ ದಿನ ಕೈಯಲ್ಲಿ ಏನಿರುತ್ತದೆ ಅನ್ನೋದು ಇವತ್ತೇ ತೀರ್ಮಾನವಾಗಲಿ.

ಜೈ ಭೀಮ್.