ಕೋಲು ಬಿದ್ದರೆ ಮೊದಲು ಗಾಡಿಯನ್ನು ನೋಡಿ

(ಸಾನಪಾಡಾದಲ್ಲಿ ಸೇರಿದ್ದ ಸದಸ್ಯರ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಇಂದು ನಾವು ಸಂಬಳದ ವಿಷಯವನ್ನಾಗಲಿ ರಜೆಯ ವಿಷಯವನ್ನಾಗಲಿ ಹೇಳಲು ನಿಂತಿಲ್ಲ. ಈ ಮೇಜಿನ ಮೇಲಿರುವ ಯಂತ್ರವನ್ನು ಕಂಡು, “ಇದೇನು ಮಕ್ಕಳ ಆಟದ ಸಾಮಾನು, ಸಂಘದ ದುಡ್ಡು ಇದಕ್ಕೆ ಹೋಯಿತೇ?” ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಕೇಳುವ ಹಕ್ಕು ನಿಮಗಿದೆ, ಉತ್ತರ ಕೊಡುವ ಹೊಣೆ ನಮಗಿದೆ. ದುಡ್ಡಿನ ಲೆಕ್ಕವನ್ನು ಖಜಾಂಚಿಯವರು ಆಗಲೇ ಓದಿದ್ದಾರೆ. ಕೆಲಸದ ಲೆಕ್ಕವನ್ನು ನಾವು ಒಪ್ಪಿಸುತ್ತೇವೆ.

ಚಿಕ್ಕಂದಿನಲ್ಲಿ ನೀವೆಲ್ಲ ಅಂಗೈ ಮೇಲೆ ಕೋಲು ನಿಲ್ಲಿಸಿ ಆಡಿದ್ದೀರಿ. ಕೋಲು ಬಲಕ್ಕೆ ವಾಲಿದರೆ ಕೈ ಬಲಕ್ಕೇ ಓಡಬೇಕು, ಎಡಕ್ಕೆ ವಾಲಿದರೆ ಎಡಕ್ಕೆ. ಒಂದು ಗಳಿಗೆ ತಡವಾದರೆ ಕೋಲು ನೆಲಕ್ಕೆ. ಈ ಯಂತ್ರದ ಕೆಲಸವೂ ಅಷ್ಟೇ. ಗಡಿಯಾರದ ಲೋಲಕ ಮೇಲಿನಿಂದ ತೂಗುತ್ತದೆ; ಅದನ್ನು ತಳ್ಳಿದರೂ ತನ್ನ ಜಾಗಕ್ಕೆ ತಾನೇ ಬರುತ್ತದೆ. ಇದು ತಲೆಕೆಳಗಾದ ಲೋಲಕ. ಬುಡದಲ್ಲಿ ಕೀಲು, ಮೇಲೆ ಕೋಲು. ಕೀಲು ಕೂತಿರುವುದು ಸರಳುಗಳ ಮೇಲೆ ಓಡುವ ಪುಟ್ಟ ಗಾಡಿಯ ಮೇಲೆ. ಕೋಲು ಎಷ್ಟು ವಾಲಿತೆಂದು ಅಳೆಯುವ ಉಪಕರಣ ಒಂದಿದೆ. ಆ ಅಳತೆ ನೋಡಿ ಮೋಟಾರಿಗೆ ಆಜ್ಞೆ ಕೊಡಲು ಆರ್ಡುಯಿನೋ ಎಂಬ ಅಂಗೈಯಗಲದ ಬೋರ್ಡು ಇದೆ.

ಇದು ಬರಿಯ ಆಟವಲ್ಲ. ಆಕಾಶಕ್ಕೆ ಏರುವ ರಾಕೆಟ್ಟು ಬುಡದಿಂದ ತಳ್ಳಿಸಿಕೊಳ್ಳುವ ಕೋಲೇ ಸರಿ. ಅದರ ತಲೆ ವಾಲದಂತೆ ಬುಡದ ಬೆಂಕಿಯ ದಿಕ್ಕನ್ನು ತಿದ್ದುತ್ತಲೇ ಇರಬೇಕು. 2001ರಲ್ಲಿ ಬಂದ ಸೆಗ್ವೇ ಎಂಬ ಎರಡು ಚಕ್ರದ ಬಂಡಿಯೂ ಇದೇ ತತ್ತ್ವದ್ದು. ಕೀಲನ್ನು ಮೇಲೆ ಕೆಳಗೆ ಬಹಳ ಬೇಗ ನಡುಗಿಸಿದರೆ ಯಾವ ಲೆಕ್ಕವಿಲ್ಲದೆಯೇ ಕೋಲು ನಿಲ್ಲಬಲ್ಲದು ಎಂದು ಸ್ಟೀಫನ್‌ಸನ್ 1908ರಲ್ಲಿ ಬರೆದಿದ್ದರು. ಅದರ ಕಾರಣವನ್ನು 1951ರಲ್ಲಿ ತಿಳಿಯಾಗಿ ವಿವರಿಸಿದವರು ಸೋವಿಯತ್ ವಿಜ್ಞಾನಿ ಕಪಿತ್ಸಾ. ನಾವು ಹಿಡಿದದ್ದು ಗಾಡಿ ಓಡಿಸುವ ದಾರಿ.

ಇದನ್ನು ಕಟ್ಟಬೇಕೆಂದು ಹೊರಟವನು ನಮ್ಮ ಸದಸ್ಯರೊಬ್ಬರ ಮಗ, ಡಿಪ್ಲೊಮಾ ಓದುವ ಹುಡುಗ. ಸಂಘದ ಕೋಣೆಯಲ್ಲಿ ಜಾಗ ಕೊಟ್ಟೆವು. ಕುರ್ಲಾದ ಗುಜರಿಯಲ್ಲಿ ಕಾರಿನ ಗಾಜು ಒರೆಸುವ ವೈಪರ್ ಮೋಟಾರು ಸಿಕ್ಕಿತು. ಬೋರ್ಡು ಲ್ಯಾಮಿಂಗ್ಟನ್ ರೋಡಿನಿಂದ ಬಂತು. ಕೀಲಿಗೆ ಬಾಗಿಲಿನ ತಿರುಗಣೆಯನ್ನೇ ಹಾಕಿದೆವು. ವಾಲಿಕೆ ಅಳೆಯಲು ಹಳೆಯ ರೇಡಿಯೋದ ದನಿ ಏರಿಸುವ ಗುಂಡಿ. ಹುಡುಗ ರಾತ್ರಿಯೆಲ್ಲ ಕೂತು ಪ್ರೋಗ್ರಾಮು ಬರೆದ.

ಕೋಲು ನಿಲ್ಲಲಿಲ್ಲ. ಎರಡು ಸಲ ಅತ್ತಿತ್ತ ಹೊಯ್ದಾಡಿ ಬಿದ್ದುಬಿಡುತ್ತಿತ್ತು. ಹುಡುಗ ಲೆಕ್ಕ ಬದಲಿಸಿದ, ಮತ್ತೆ ಬಿತ್ತು. ಹತ್ತು ಸಲ ಬದಲಿಸಿದ, ಹತ್ತು ಸಲವೂ ಬಿತ್ತು. ಆಗ ನಾವು ಒಂದು ತಪ್ಪು ಮಾಡಿದೆವು. ಅದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಲೇಬೇಕು. “ನಿನ್ನ ಲೆಕ್ಕ ಸರಿಯಿಲ್ಲ ಕಣಪ್ಪಾ, ಬರದ ಕೆಲಸಕ್ಕೆ ಯಾಕೆ ಕೈ ಹಾಕಿದೆ?” ಎಂದು ನಾಲ್ಕು ಜನರ ಎದುರಿಗೆ ಅಂದುಬಿಟ್ಟೆವು. ಹುಡುಗ ಮಾತಾಡಲಿಲ್ಲ. ಮರುದಿನದಿಂದ ಬರಲೂ ಇಲ್ಲ. ಓದನ್ನೇ ಬಿಟ್ಟು ಅಪ್ಪನ ಜೊತೆ ಕೌಂಟರಿನಲ್ಲಿ ನಿಲ್ಲುತ್ತೇನೆಂದು ಮನೆಯಲ್ಲಿ ಹೇಳಿದನಂತೆ. ಗಲ್ಲಾದ ಹಿಂದೆ ಕೂತವರು ತಟ್ಟೆ ಒಡೆದದ್ದಕ್ಕೆಲ್ಲ ಹುಡುಗನನ್ನೇ ಬೈಯುತ್ತಾರೆ, ಒದ್ದೆ ನೆಲವನ್ನು ನೋಡುವುದಿಲ್ಲ ಎಂದು ನಾವೇ ಎಷ್ಟು ಭಾಷಣ ಮಾಡಿದ್ದೇವೆ! ಇಲ್ಲಿ ನಾವೂ ಅದನ್ನೇ ಮಾಡಿದ್ದೆವು.

ಎರಡು ವಾರ ಯಂತ್ರ ಮೂಲೆಯಲ್ಲಿತ್ತು. ಒಂದು ಸಂಜೆ ನಮ್ಮ ಹಿರಿಯ ಸದಸ್ಯರೊಬ್ಬರು ಪತ್ರಿಕೆ ಓದಲು ಬಂದರು. ಅವರು ಮಿಲ್ಲಿನ ಮಗ್ಗದ ಖಾತೆಯಲ್ಲಿ ಫಿಟರ್ ಆಗಿದ್ದವರು. 1982ರ ಜನವರಿ 18ರಂದು ಆರಂಭವಾದ ಮುಷ್ಕರದೊಂದಿಗೆ ಅವರ ಮಿಲ್ಲಿನ ಕೆಲಸ ಮುಗಿಯಿತು. ಆಮೇಲೆ ಅವರ ಕೈಯ ವಿದ್ಯೆಯನ್ನು ಯಾರೂ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅವರು ಮೋಟಾರು ನಿಲ್ಲಿಸಿ, ಗಾಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಮೋಟಾರು ಮಿಸುಕಲಿಲ್ಲ. ಆದರೂ ಗಾಡಿ ಅತ್ತಿತ್ತ ಒಂದು ಉಗುರಿನಷ್ಟು ಸರಿಯಿತು.

“ಇಷ್ಟು ಸಡಿಲು ಇಟ್ಟುಕೊಂಡು ಲೆಕ್ಕವನ್ನು ಯಾಕೆ ದೂರುತ್ತೀರಿ? ಮೊದಲು ಆ ಹುಡುಗನನ್ನು ಕರೆಯಿರಿ” ಎಂದರು.

ನಾವು ಅವನ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಕರೆತಂದೆವು. ಆಮೇಲಿನ ಕೆಲಸ ಹೀಗೆ ನಡೆಯಿತು.

ಮೊದಲನೆಯದು ಆ ಸಡಿಲು. ವೈಪರ್ ಮೋಟಾರಿನ ಹಲ್ಲಿನ ಚಕ್ರಗಳ ನಡುವೆ ಸಂದು ಇತ್ತು. ನೆಟ್ಟಗಿರುವ ಕೋಲನ್ನು ಕಾಯಲು ಗಾಡಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸಬೇಕು. ಬದಲಿಸಿದಾಗಲೆಲ್ಲ ಮೊದಲು ಆ ಸಂದು ತುಂಬಬೇಕು, ಅಷ್ಟರಲ್ಲಿ ಕೋಲು ಇನ್ನಷ್ಟು ವಾಲಿರುತ್ತದೆ. ಅದನ್ನು ಹಿಡಿಯಲು ಗಾಡಿ ಹೆಚ್ಚು ಓಡಿ ಮಿತಿ ಮೀರುತ್ತದೆ. ಹೊಯ್ದಾಟ ಬೆಳೆಯುವುದು ಹೀಗೆ. ಆ ಮೋಟಾರು ತೆಗೆದು, ಒಂದು ಸುತ್ತಿಗೆ 200 ಹೆಜ್ಜೆ ಇಡುವ ಸ್ಟೆಪರ್ ಮೋಟಾರು ಹಾಕಿದೆವು. ನಡುವೆ ಹಲ್ಲಿನ ಚಕ್ರಗಳೇ ಇಲ್ಲ. ಅದರ ಪುಲ್ಲಿಗೆ 20 ಹಲ್ಲು, ಬೆಲ್ಟಿನ ಹಲ್ಲಿನಿಂದ ಹಲ್ಲಿಗೆ 2 ಮಿಲಿಮೀಟರ್. ಒಂದು ಸುತ್ತಿಗೆ ಗಾಡಿ 40 ಮಿಲಿಮೀಟರ್ ಓಡುತ್ತದೆ, ಒಂದು ಹೆಜ್ಜೆಗೆ 0.2 ಮಿಲಿಮೀಟರ್.

ಎರಡನೆಯದು ಬೆಲ್ಟು. ಇದು ಹೋಟೆಲಿನವರಾದ ನಮಗೆ ತಿಳಿದ ವಿದ್ಯೆ. ರುಬ್ಬುವ ಗ್ರೈಂಡರಿನ ಬೆಲ್ಟು ಸಡಿಲಾದರೆ ಹಿಟ್ಟು ತಿರುಗದು, ಅತಿ ಬಿಗಿಯಾದರೆ ಮೋಟಾರು ಕಾದು ನರಳುತ್ತದೆ. ಮೋಟಾರು ಕೂತ ತಗಡಿನ ತೂತುಗಳನ್ನು ಅರದಿಂದ ಉದ್ದ ಮಾಡಿ, ಸರಿಸಿ ಬಿಗಿಮಾಡುವಂತೆ ಮಾಡಿದೆವು.

ಮೂರನೆಯದು ದಾರಿ. 12 ಮಿಲಿಮೀಟರಿನ ಎರಡು ಉಕ್ಕಿನ ಸರಳುಗಳ ಮೇಲೆ ಗಾಡಿ ನಡುವೆ ಸಲೀಸಾಗಿ ಓಡಿ ತುದಿಯಲ್ಲಿ ಕಚ್ಚಿಕೊಳ್ಳುತ್ತಿತ್ತು. ಸರಳುಗಳು ಸಮಾಂತರವಿರಲಿಲ್ಲ. ಅಳತೆಪಟ್ಟಿ ಹಿಡಿದು ಅರ್ಧ ದಿನ ಕಳೆದೆವು. ಹಿರಿಯರು ಒಂದು ಸರಳಿನ ತಿರುಪುಗಳನ್ನು ಸಡಿಲಿಸಿದರು. ಗಾಡಿಯನ್ನು ಈ ತುದಿಗೆ ತಂದು ಇಲ್ಲಿ ಬಿಗಿದರು, ಆ ತುದಿಗೆ ಒಯ್ದು ಅಲ್ಲಿ ಬಿಗಿದರು. ಗಾಡಿಯೇ ಅಳತೆಪಟ್ಟಿಯಾಯಿತು!

ನಾಲ್ಕನೆಯದು ಕೀಲು. ಬಾಗಿಲಿನ ತಿರುಗಣೆ ಪಕ್ಕಕ್ಕೂ ಅಲ್ಲಾಡುತ್ತಿತ್ತು, ಉಜ್ಜುತ್ತಲೂ ಇತ್ತು. ಅದರ ಬದಲು ಮಕ್ಕಳ ಸ್ಕೇಟಿಂಗ್ ಚಕ್ರದಲ್ಲಿರುವ 608 ನಂಬರಿನ ಎರಡು ಬೇರಿಂಗುಗಳನ್ನು 8 ಮಿಲಿಮೀಟರಿನ ಅಚ್ಚಿಗೆ ದೂರದೂರವಾಗಿ ಹಾಕಿದೆವು. ಒತ್ತಿ ಕೂಡಿಸಿದರೆ ಅಚ್ಚು ಓಲಾಡುತ್ತದೆ, ದೂರವಿಟ್ಟರೆ ನೇರ ನಿಲ್ಲುತ್ತದೆ. ಒಳಗಿನ ಗಟ್ಟಿ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟೆವು.

ಐದನೆಯದು ಅಳತೆ. ರೇಡಿಯೋ ಗುಂಡಿ ಬಿಗಿ, ಕೋಲನ್ನು ಅದೇ ಹಿಡಿಯುತ್ತಿತ್ತು. ಅದರ ಬದಲು ಎನ್‌ಕೋಡರ್ ಹಾಕಿದೆವು. ಅದು ಒಂದು ಸುತ್ತನ್ನು 2400 ಪಾಲು ಮಾಡುತ್ತದೆ, ಒಂದು ಪಾಲಿಗೆ 0.15 ಡಿಗ್ರಿ. ಆದರೆ ನೇರ ಎಂಬುದು ಎಲ್ಲಿ? ಕಣ್ಣಂದಾಜಿನಲ್ಲಿ ಹಿಡಿದರೆ ಕೋಲು ನಿಂತರೂ ಗಾಡಿ ಒಂದೇ ಕಡೆಗೆ ಸರಿದು ತುದಿಗೆ ಬಡಿಯುತ್ತಿತ್ತು. ಉಪಾಯ ಕಂಡವನು ಹುಡುಗ. ಕೋಲನ್ನು ಕೆಳಗೆ ಜೋತುಬಿಟ್ಟು ಅಲ್ಲಾಟ ನಿಲ್ಲುವವರೆಗೆ ಕಾದ. ಗಾರೆಯವರ ತೂಗುಗುಂಡಿನಂತೆ ಅದು ಸುಳ್ಳು ಹೇಳುವುದಿಲ್ಲ. ಅಲ್ಲಿಂದ ಅರ್ಧ ಸುತ್ತು, ಅಂದರೆ 1200 ಪಾಲು ಎಣಿಸಿದರೆ ನೇರ ಮೇಲೆ.

ಉಳಿದವು ಸಣ್ಣವು. ಎನ್‌ಕೋಡರಿನ ತಂತಿ ಗಾಡಿಯನ್ನು ಎಳೆಯುತ್ತಿತ್ತು. ಮೇಲಿನಿಂದ ಸಡಿಲ ಕುಣಿಕೆಯಾಗಿ ತೂಗುಹಾಕಿದೆವು. ಮೇಜು ನಡುಗುತ್ತಿತ್ತು, ಅಡಿಗೆಮನೆಯ ಕಡಪಾ ಕಲ್ಲಿನ ಚಪ್ಪಡಿಗೆ ಎಲ್ಲವನ್ನೂ ಬಿಗಿದೆವು. ಗೇಣುದ್ದದ ಕೋಲನ್ನು ಬಿಟ್ಟು ಉದ್ದದ ಅಲ್ಯೂಮಿನಿಯಂ ಕೊಳವೆ ಹಾಕಿದೆವು. ಉದ್ದದ ಕೋಲು ನಿಧಾನವಾಗಿ ಬೀಳುತ್ತದೆ. ಅದೇ ಬಗೆಯ ಕೋಲು ನಾಲ್ಕರಷ್ಟು ಉದ್ದವಾದರೆ ಬೀಳಲು ಎರಡರಷ್ಟು ಹೊತ್ತು ಸಿಗುತ್ತದೆ.

ಆ ಭಾನುವಾರ ಹುಡುಗ ತನ್ನ ಹಳೆಯ ಪ್ರೋಗ್ರಾಮನ್ನೇ ಹಾಕಿದ. ಹೊಸ ಮೋಟಾರಿಗೆ ಬೇಕಾದ ಅಂಕಿಗಳನ್ನು ಮಾತ್ರ ತಿದ್ದಿದ್ದ. ಕೋಲನ್ನು ಎತ್ತಿ ನೆಟ್ಟಗೆ ಮಾಡಿ ಕೈ ಬಿಟ್ಟ. ನಿಂತಿತು. ಒಲೆಯ ಮೇಲಿಟ್ಟ ಚಹಾ ಕುದಿದು, ಸೋಸಿ, ಎಲ್ಲರ ಕೈಗೂ ಬಂದಿತ್ತು. ಕೋಲು ನಿಂತೇ ಇತ್ತು. ಹಿರಿಯರು ಬೆರಳಲ್ಲಿ ಮೆಲ್ಲಗೆ ತಟ್ಟಿದರು. ಗಾಡಿ ಸರ್ರನೆ ಓಡಿ ಕೋಲನ್ನು ಹಿಡಿದುಕೊಂಡಿತು.

“ಲೆಕ್ಕ ಸರಿಯಾಗಿಯೇ ಇತ್ತಲ್ಲ ಅಜ್ಜ?” ಎಂದ ಹುಡುಗ. ಅವನು ಅಜ್ಜನನ್ನು ಕೇಳಿದರೂ ಮಾತು ನಮಗೇ ತಗಲಿತು.

ಬಂಧುಗಳೇ, ಹುಡುಗ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾನೆ. ಸಂಘದ ದುಡ್ಡು ಎಲ್ಲಿ ಹೋಯಿತೆಂದರೆ ಅಲ್ಲಿ ಹೋಯಿತು. ಭಾನುವಾರದ ಈ ಕೆಲಸವನ್ನು ಮುಂದುವರಿಸಬೇಕೇ ಬೇಡವೇ ಎಂಬುದನ್ನು ಇಂದು ನೀವೇ ತೀರ್ಮಾನಿಸಿ. ಮುಂದುವರಿಸುವುದಾದರೆ ದುಡ್ಡಿಗಿಂತ ಮೊದಲು ನಿಮ್ಮ ಕೈ ಬೇಕು. ಮಗ್ಗ ಬಲ್ಲವರು, ಬಾಯ್ಲರ್ ಬಲ್ಲವರು, ಗ್ರೈಂಡರ್ ಬಿಚ್ಚಿ ಕೂಡಿಸಬಲ್ಲವರು ಇಲ್ಲಿಯೇ ಕೂತಿದ್ದೀರಿ. ನಿಮ್ಮ ವಿದ್ಯೆ ಮಿಲ್ಲಿನ ಗೇಟಿನೊಂದಿಗೆ ಮುಚ್ಚಿಹೋಗಬೇಕಾಗಿಲ್ಲ.

ಯಾವ ಮನೆಯಲ್ಲಾದರೂ ಒಂದು ಮಗು ಎಡವಿದರೆ ಅದರ ಬುದ್ಧಿಯನ್ನು ದೂರುವ ಮುನ್ನ, ಅದು ನಿಂತ ಗಾಡಿಯನ್ನು ಒಮ್ಮೆ ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಇಷ್ಟನ್ನು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.