ಪೆನ್ನಿಯ ಜಾಣ, ಪೌಂಡಿನ ದಡ್ಡ

‘ಪೆನ್ನಿ ವೈಸ್, ಪೌಂಡ್ ಫೂಲಿಷ್’ ಎಂಬ ಇಂಗ್ಲಿಷ್ ನುಡಿಗಟ್ಟು ನಮ್ಮಲ್ಲಿ ಅನೇಕರಿಗೆ ಶಾಲೆಯ ದಿನಗಳಿಂದಲೇ ಪರಿಚಿತ. ಚಿಲ್ಲರೆಯನ್ನು ಉಳಿಸುವುದರಲ್ಲಿ ಜಾಣ, ಗಂಟನ್ನು ಕಾಯುವುದರಲ್ಲಿ ದಡ್ಡ ಎಂಬುದು ಅದರ ತಾತ್ಪರ್ಯ.

ಈ ಮಾತಿನ ಬೆನ್ನಿಗೆ ಒಂದು ಹಳೆಯ ಲೆಕ್ಕವಿದೆ. ಇಂಗ್ಲೆಂಡಿನಲ್ಲಿ 12 ಪೆನ್ನಿಗಳಿಗೆ ಒಂದು ಷಿಲಿಂಗ್, 20 ಷಿಲಿಂಗುಗಳಿಗೆ ಒಂದು ಪೌಂಡ್. ಅಂದರೆ ಪೌಂಡಿಗೆ 240 ಪೆನ್ನಿ. ಪೌಂಡ್ ಎಂಬುದು ಮೂಲತಃ ಬೆಳ್ಳಿಯ ತೂಕ. ಒಂದು ಪೌಂಡಿನ ಮೌಲ್ಯದ ನಾಣ್ಯ ಅಲ್ಲಿ ಮೊದಲು ಹುಟ್ಟಿದ್ದು 1489ರಲ್ಲಿ, ಏಳನೆಯ ಹೆನ್ರಿಯ ಆಳ್ವಿಕೆಯಲ್ಲಿ. ಅದಕ್ಕೆ ಮುಂಚೆ ಶತಮಾನಗಳ ಕಾಲ ಪೆನ್ನಿ ಅಂಗೈಯಲ್ಲಿತ್ತು, ಪೌಂಡು ಬರಿಯ ಲೆಕ್ಕದಲ್ಲಿತ್ತು. ಕೈಗೆ ಸಿಕ್ಕುವ ಸಣ್ಣದನ್ನು ಬಿಗಿಹಿಡಿದು, ಕಣ್ಣಿಗೆ ಕಾಣದ ದೊಡ್ಡದನ್ನು ಕಳೆದುಕೊಳ್ಳುವ ಮನುಷ್ಯಸ್ವಭಾವಕ್ಕೆ ಇದಕ್ಕಿಂತ ಒಪ್ಪುವ ಜೋಡಿ ದೊರೆಯುವುದು ಕಷ್ಟ.

1971ರ ಫೆಬ್ರವರಿ 15ರಂದು ಆ ಲೆಕ್ಕ ಹೋಯಿತು. ಪೌಂಡಿಗೆ 100 ಪೆನ್ನಿಗಳಾದವು. ನುಡಿಗಟ್ಟು ಮಾತ್ರ ಹೋಗಲಿಲ್ಲ. ನಮ್ಮಲ್ಲಿಯೂ 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದು ಆಣೆಯ ಲೆಕ್ಕ ಹಿಂದೆ ಸರಿಯಿತು. ಆದರೂ ‘ಹದಿನಾರಾಣೆ ಸತ್ಯ’ ಎನ್ನುವುದನ್ನು ನಾವು ಬಿಟ್ಟಿಲ್ಲ. ಟಂಕಸಾಲೆ ಕೈಬಿಟ್ಟದ್ದನ್ನು ಭಾಷೆ ಕಾಪಾಡಿಕೊಳ್ಳುತ್ತದೆ.

ಈ ಮಾತನ್ನು ಜಿಪುಣನ ಮೇಲಿನ ವಿನೋದವೆಂದು ತಿಳಿಯುವುದು ವಾಡಿಕೆ. ಅದರ ಹಳೆಯ ಲಿಖಿತ ಬಳಕೆಗಳಲ್ಲಿ ಒಂದನ್ನು ನೋಡಿದಾಗ ಆ ಭಾವನೆ ಬದಲಾಗುತ್ತದೆ. 1607ರಲ್ಲಿ ಎಡ್ವರ್ಡ್ ಟಾಪ್ಸೆಲ್ ಎಂಬ ಪಾದ್ರಿ ನಾಲ್ಕು ಕಾಲಿನ ಪ್ರಾಣಿಗಳನ್ನು ಕುರಿತು ಬೃಹದ್ಗ್ರಂಥವೊಂದನ್ನು ಹೊರತಂದ. ಲೋಭದಿಂದಲೋ ಅಲಕ್ಷ್ಯದಿಂದಲೋ ಸಾಕಿದ ಪ್ರಾಣಿಗಳ ನಿತ್ಯದ ಮೇವನ್ನು ಕಡಿತಗೊಳಿಸುವವನನ್ನು ಅವನು ಅಲ್ಲಿ ಪೆನ್ನಿಯ ಜಾಣ, ಪೌಂಡಿನ ದಡ್ಡ ಎಂದು ಕರೆಯುತ್ತಾನೆ. ಒಂದಿಷ್ಟು ಮೇವನ್ನು ಉಳಿಸಲು ಹೋಗಿ ಅವನು ಪ್ರಾಣಿಗಳನ್ನೇ ಕಳೆದುಕೊಳ್ಳುತ್ತಾನೆ. ಮುಂದೆ 1621ರಲ್ಲಿ ಬಂದ ರಾಬರ್ಟ್ ಬರ್ಟನ್ನನ ‘ದಿ ಅನಾಟಮಿ ಆಫ್ ಮೆಲಂಕಲಿ’ಯಲ್ಲಿಯೂ ಈ ಮಾತು ಕಾಣಿಸಿಕೊಂಡಿತು.

ಟಾಪ್ಸೆಲ್ಲನು ಎತ್ತಿ ಹೇಳಿದ್ದು ಒಡೆಯನ ನಷ್ಟವನ್ನು. ನನ್ನ ಮನಸ್ಸು ಮಾತ್ರ ಆ ಕೊಟ್ಟಿಗೆಯನ್ನು ಬಿಟ್ಟು ಬರುವುದಿಲ್ಲ. ಉಳಿತಾಯದ ಲೆಕ್ಕ ಬರೆದವನು ಒಡೆಯ. ಹಸಿದು ನಿಂತದ್ದು ಮಾತು ಬಾರದ ಜೀವ. ಮನೆಯಲ್ಲಾಗಲಿ ಊರಿನಲ್ಲಾಗಲಿ ಖರ್ಚನ್ನು ಕಡಿಮೆ ಮಾಡುವ ಯೋಚನೆ ಬಂದಾಗಲೆಲ್ಲ, ಎಷ್ಟು ಉಳಿಯಿತು ಎಂದು ಕೇಳುವ ಮೊದಲು ಯಾರ ಮೇವಿನಿಂದ ಉಳಿಯಿತು ಎಂದು ಕೇಳಿಕೊಳ್ಳುವುದು ಒಳ್ಳೆಯದು.